ಅರೆಗಣ್ಣಕ್ಕನ ರೆಪ್ಪೆ

ನಮ್ಮ ತರಕಾರಿ ಮಂಡಿಯ ಅಂಗಳದಲ್ಲಿ ಹರಾಜು ಕೂಗುವವನೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಅವನು ಮರದ ಪೆಟ್ಟಿಗೆಯ ಮೇಲೆ ನಿಂತು ದರ ಏರಿಸುತ್ತಾ ಹೋಗುತ್ತಾನೆ. ಕೊಳ್ಳುವವರು ಎದುರಿಗೆ ನಿಂತು ಅವನ ಮುಖವನ್ನೇ ನೋಡುತ್ತಿರುತ್ತಾರೆ. ದರ ಒಪ್ಪಿಗೆಯಾದವರು ಎಡಗಣ್ಣಿನ ರೆಪ್ಪೆಯನ್ನು ಕೊಂಚ ಇಳಿಸಬೇಕು, ಅಷ್ಟೆ. ಕೈ ಎತ್ತಿದರೆ, ತಲೆಯಾಡಿಸಿದರೆ ಪಕ್ಕದವನಿಗೆ ಗುಟ್ಟು ಬಿಟ್ಟುಕೊಟ್ಟಂತೆ. ಯಾರು ಯಾವ ದರಕ್ಕೆ ಇಳಿದರು ಎಂಬುದು ಕೂಗುವವನಿಗೆ ಮಾತ್ರ ಗೊತ್ತಿರಬೇಕು. ಹೊರಗಿನವರು ಮೊದಲ ಸಲ ನೋಡಿದರೆ, ಇಷ್ಟೊಂದು ಜನ ಮೀಸೆ ಹೊತ್ತವರು ಒಬ್ಬ ಗಂಡಸಿಗೆ ಕಣ್ಣು ಹೊಡೆಯುತ್ತಿದ್ದಾರಲ್ಲ ಎಂದು ನಗುತ್ತಾರೆ. ನಗಲಿ ಬಿಡಿ. ರೆಪ್ಪೆ ಇಳಿಸಿದ ಮೇಲೆ 'ಇಲ್ಲಪ್ಪ, ನಾನು ಕೇಳಿದ್ದಲ್ಲ' ಎಂದವನು ಮಾರನೆಯ ದಿನದಿಂದ ಆ ಅಂಗಳಕ್ಕೆ ಕಾಲಿಡುವಂತಿಲ್ಲ. ಅದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದಿಟ್ಟ ಕಾನೂನುಗಳಿಗಿಂತ ಗಟ್ಟಿ.

ಕೂಗುವವನಿಗೆ ನಗಾರಿ ಎಂದು ಹೆಸರು. ಅವನ ಗಂಟಲು ಕೇಳಿದವರಿಗೆ ಯಾಕೆ ಎಂದು ಹೇಳಬೇಕಾಗಿಲ್ಲ. ನಾನು ತೂಕದವನು. ಅಂಗಳದ ಮೂಲೆಯಲ್ಲಿ ತಕ್ಕಡಿಯ ಪಕ್ಕ ನನ್ನ ಜಾಗ. ತೂಕದವನು ಹರಾಜಿನ ಹೊತ್ತಿನಲ್ಲಿ ಕಲ್ಲಿನ ಹಾಗೆ ಇರಬೇಕು. ಅಲ್ಲಿ ನಿಂತು ನಾನು ನೋಡಿದವರಲ್ಲೆಲ್ಲ ಗಟ್ಟಿ ಎಂದರೆ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಮಂಡಿಯಲ್ಲಿ ಅವರನ್ನು ಅರೆಗಣ್ಣಕ್ಕ ಎನ್ನುತ್ತಿದ್ದರು. ಉಳಿದವರ ರೆಪ್ಪೆ ಇಳಿಯುವುದು ಪಕ್ಕದಲ್ಲಿ ನಿಂತವನಿಗೂ ಒಮ್ಮೊಮ್ಮೆ ಕಾಣುತ್ತಿತ್ತು. ಅತ್ತಿಗೆಯದು ಕೂದಲೆಳೆಯಷ್ಟು ಮಾತ್ರ. ನಗಾರಿಗೊಬ್ಬನಿಗೆ ಕಂಡರೆ ಸಾಕು.

ಮದುವೆಯಾಗಿ ಬಂದ ಹೊಸದರಲ್ಲಿ ಅವರು ಅದೇ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸಕ್ಕೆ ಕೂತಿದ್ದರು. ಕೊಳೆತದ್ದೊಂದು ಕಡೆ, ಒಳ್ಳೆಯದೊಂದು ಕಡೆ. ಕಣ್ಣಲ್ಲಿ ನೀರು ಸುರಿಸಿಕೊಂಡೇ ಹರಾಜು ನೋಡಿ ನೋಡಿ, ಯಾವ ಗಾಡಿಯ ಮಾಲು ಮೇಲೆ ಚಂದ, ಒಳಗೆ ಗೋಳು ಎಂದು ಕಲಿತರು. ಆಮೇಲೆ ಒಂದು ಹಾಸ್ಟೆಲಿನ ಅಡುಗೆಮನೆಗೆ ತರಕಾರಿ ಹಾಕುವ ಕೆಲಸ ಹಿಡಿದರು, ಆಮೇಲೆ ಎರಡು ಕಾರ್ಖಾನೆಗಳ ಕ್ಯಾಂಟೀನು. ಅಣ್ಣ ಮೂರು ಚಕ್ರದ ಸಾಮಾನು ಗಾಡಿ ಓಡಿಸುತ್ತಾನೆ. ಅತ್ತಿಗೆ ಕೊಂಡದ್ದನ್ನು ಅಣ್ಣ ಮುಟ್ಟಿಸುತ್ತಾನೆ. ಮನೆಯಲ್ಲಿ ಯಜಮಾನ ಯಾರು ಎಂದು ಯಾರಾದರೂ ಕೇಳಿದರೆ ಅಣ್ಣನೇ ಅತ್ತಿಗೆಯ ಕಡೆ ನೋಡುತ್ತಾನೆ. ಇವರ ನಡುವೆ ಮೂರನೆಯವನಾಗಿ, ಮದುವೆ ಗಿದುವೆ ಇಲ್ಲದೆ, ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು. ಅತ್ತಿಗೆ ನನ್ನನ್ನು ಬೈಯದ ದಿನವಿಲ್ಲ, ನನಗೆ ತಟ್ಟೆ ಹಾಕದೆ ತಾವು ಉಂಡ ದಿನವೂ ಇಲ್ಲ.

ಎಡವಟ್ಟು ಶುರುವಾದದ್ದು ಎಲೆಕೋಸಿನಿಂದ. ಒಂದು ದಿನ ಹರಾಜು ಮುಗಿಯುವ ಹೊತ್ತಿಗೆ ಒಂದು ಗಾಡಿ ತುಂಬ ಎಲೆಕೋಸು ಅರೆಗಣ್ಣಕ್ಕನ ಹೆಸರಿಗೆ ಬಿತ್ತು. ಅತ್ತಿಗೆಗೆ ಬೇಕಾಗಿದ್ದದ್ದು ಆಲೂಗಡ್ಡೆ. ಅವರ ಮುಖ ಒಂದು ಕ್ಷಣ ಬಿಳಿಚಿಕೊಂಡದ್ದನ್ನು ನಾನು ತಕ್ಕಡಿಯ ಹಿಂದಿನಿಂದ ನೋಡಿದೆ. ಆದರೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ಮಾಲು ಎತ್ತಿಸಿದರು. ಕ್ಯಾಂಟೀನಿನವರನ್ನು ಕಾಡಿ ಬೇಡಿ ಅರ್ಧ ತಳ್ಳಿದರು. ಉಳಿದದ್ದನ್ನು ನಾವು ಮೂವರೂ ಬೆಳಿಗ್ಗೆ ಸಂಜೆ ತಿಂದೆವು. ಎಲೆಕೋಸು ಕಂಡರೆ ಅಣ್ಣ ಈಗಲೂ ಎದ್ದು ಹೋಗುತ್ತಾನೆ.

"ನಗಾರಿಗೆ ಕಣ್ಣು ಮಂಜಾಗಿದೆ ಅತ್ತಿಗೆ, ಹೇಳ್ಲಾ ಅವನಿಗೆ?" ಎಂದೆ ಅವತ್ತು ಸಂಜೆ.

"ಅವನ ಕಣ್ಣು ಸರಿಯಾಗೇ ಇದೆ," ಎಂದರು. "ನನ್ನ ರೆಪ್ಪೆ ಇಳೀತು ಕಣೋ. ನಾನು ಇಳಿಸ್ಲಿಲ್ಲ. ಅದೇ ಇಳೀತು."

ಆಮೇಲೆ ನಾನು ಗಮನಿಸತೊಡಗಿದೆ. ಬೆಳಿಗ್ಗೆ ನೆಟ್ಟಗಿದ್ದ ರೆಪ್ಪೆ ಬಿಸಿಲೇರಿದಂತೆ ಜಾರುತ್ತಿತ್ತು. ಊಟಕ್ಕೆ ಕೂತರೆ ಅರ್ಧಕ್ಕೆ ದವಡೆ ಸೋತು ಕೈಯಲ್ಲಿ ಗಲ್ಲ ಹಿಡಿದುಕೊಳ್ಳುತ್ತಿದ್ದರು. ಒಬ್ಬ ಅಣ್ಣ ಇಬ್ಬರಾಗಿ ಕಾಣುತ್ತಾನೆ ಎಂದು ತಮಾಷೆ ಮಾಡಿದರು. "ಒಬ್ಬನ್ನ ಸಾಕೋದೇ ಕಷ್ಟ, ಈಗ ಇನ್ನೊಬ್ಬ." ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಸಂಜೆಯ ಹೊತ್ತಿಗೆ ಅವರ ಮಾತು ಮೂಗಿನಿಂದ ಬರುತ್ತಿತ್ತು. ಜಗಳ ಮಾಡಿ ಎಳೆದುಕೊಂಡು ಹೋಗಬೇಕಾಯಿತು ದೊಡ್ಡಾಸ್ಪತ್ರೆಯ ನರದ ಡಾಕ್ಟರಮ್ಮನ ಹತ್ತಿರ.

ಡಾಕ್ಟರಮ್ಮ ಗಡಿಬಿಡಿಯವರು, ಆದರೆ ಕಿವಿಗೊಟ್ಟು ಕೇಳುವವರು. ಅತ್ತಿಗೆಗೆ ಮೇಲಿನ ಫ್ಯಾನನ್ನೇ ನೋಡುತ್ತಿರಲು ಹೇಳಿದರು. ನಾವು ನೋಡುತ್ತಿದ್ದಂತೆಯೇ ಎಡ ರೆಪ್ಪೆ ಮೆಲ್ಲಗೆ ಕೆಳಗೆ ಬಂತು. ಮರುದಿನ ಕರೆಸಿ ಒಂದು ಪರೀಕ್ಷೆ ಮಾಡಿದರು. ಮೊದಲು ಒಂದು ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಹೊತ್ತಿಗೆ ಅತ್ತಿಗೆ, ಬಾಯಿ ಒಣಗ್ತಿದೆ, ಎದೆ ಡಬಡಬ ಅಂತಿದೆ ಎಂದರು. ಡಾಕ್ಟರಮ್ಮ ನಾಡಿ ನೋಡಿ ತಲೆಯಾಡಿಸಿ ಎರಡನೆಯದು ಕೊಟ್ಟರು. ಕಾದೆವು. ರೆಪ್ಪೆ ಎದ್ದಿತು. ಅಂಗಡಿಯ ಬಾಗಿಲು ಎತ್ತಿದ ಹಾಗೆ ಸಲೀಸಾಗಿ ಎದ್ದಿತು. ಅಣ್ಣ ಹುಚ್ಚನ ಹಾಗೆ ಎರಡೂ ಕೈ ಜೋಡಿಸಿದ.

"ಏನು ಕೆಲಸ ನಿಮ್ದು?" ಎಂದು ಕೇಳಿದ ಡಾಕ್ಟರಮ್ಮ ಮಂಡಿಯ ಭಾಷೆಯಲ್ಲೇ ಬಿಡಿಸಿ ಹೇಳಿದರು. "ನರ ಅನ್ನೋದು ನಿಮ್ಮ ಕೂಗೋನ ಹಾಗೆ ಅಂದ್ಕೊಳ್ಳಿ. ಅವನು ಕೂಗಿದ್ರೆ ಒಂದು ತೊಟ್ಟು ರಸ ಬೀಳುತ್ತೆ, ಅಸಿಟೈಲ್‌ಕೋಲಿನ್ ಅಂತ. ಅದು ಮಾಂಸಖಂಡದ ಕಿವಿಗೆ ಬಿದ್ರೆ ಖಂಡ ಬಿಗಿಯುತ್ತೆ, ರೆಪ್ಪೆ ಏಳುತ್ತೆ. ನಿಮ್ಮ ಮೈ ಏನೋ ತಪ್ಪು ತಿಳ್ಕೊಂಡು ಆ ಕಿವಿಗಳನ್ನೇ ಹಾಳು ಮಾಡ್ತಿದೆ. ಕೂಗು ಸರಿಯಾಗಿದೆ. ಕೇಳೋ ಕಿವಿ ಕಡಿಮೆ."

"ಹಾಗಾದ್ರೆ ಜೋರಾಗಿ ಕೂಗಿಸ್ಬೇಕು," ಎಂದರು ಅತ್ತಿಗೆ.

"ಅದಾಗಲ್ಲ. ಆದ್ರೆ ಬಿದ್ದ ರಸಾನ ತಕ್ಷಣ ಗುಡಿಸಿ ಹಾಕೋನು ಒಬ್ಬ ಇದಾನೆ ಅಲ್ಲಿ. ಈ ಮಾತ್ರೆ ಅವನ ಕೈ ಹಿಡಿದು ನಿಲ್ಲಿಸುತ್ತೆ. ರಸ ಇನ್ನೊಂದು ಗಳಿಗೆ ಅಲ್ಲೇ ಇರುತ್ತೆ. ಇರೋ ನಾಲ್ಕು ಕಿವಿಗೇ ಮತ್ತೆ ಮತ್ತೆ ಬೀಳುತ್ತೆ. ಎರಡನೇ ಸೂಜಿ ಮಾಡಿದ್ದೂ ಅದನ್ನೇ."

"ಮೊದಲನೇದು ಯಾಕೆ ಮತ್ತೆ?" ನಾನು ಕೇಳಿದೆ.

"ಅದೇ ರಸ ಹೊಟ್ಟೆಗೂ ಬೇಕು, ಜೊಲ್ಲಿಗೂ ಬೇಕು, ಬೆವರಿಗೂ ಬೇಕು. ಎದೆಬಡಿತ ನಿಧಾನ ಮಾಡೋದೂ ಅದೇ. ಗುಡಿಸೋನು ಎಲ್ಲಾ ಕಡೆ ಕೆಲಸ ನಿಲ್ಲಿಸಿದ್ರೆ ಅಲ್ಲೆಲ್ಲಾ ಗಲಾಟೆ ಆಗುತ್ತೆ. ಮೊದಲನೇ ಸೂಜಿ, ಅಟ್ರೋಪಿನ್, ಆ ಕಡೆಯ ಕಿವಿಗಳನ್ನ ಮುಚ್ಚಿಬಿಡುತ್ತೆ. ರೆಪ್ಪೆಯಂಥ ಖಂಡಗಳ ಕಿವಿ ಬೇರೆ ಥರದ್ದು, ಅದನ್ನ ಮುಟ್ಟಲ್ಲ." ಆಮೇಲೆ ಅವರು ಅತ್ತಿಗೆಯ ಕಡೆ ಬೆರಳು ತೋರಿಸಿ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಮಾತ್ರೆ ಕಡಿಮೆಯಾದ್ರೂ ಶಕ್ತಿ ಹೋಗುತ್ತೆ, ಹೆಚ್ಚಾದ್ರೂ ಹೋಗುತ್ತೆ. ಕೂಗು ಅತಿಯಾದ್ರೆ ಕಿವಿ ಕಿವುಡಾಗುತ್ತೆ. ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಹೊಟ್ಟೆ ಹಿಂಡೋದು, ಜೊಲ್ಲು, ಬೆವರು ಜಾಸ್ತಿ ಆಯ್ತು ಅಂದ್ರೆ ಹೆಚ್ಚಾಗ್ತಿದೆ ಅಂತ ಅರ್ಥ. ಆಗ ನೀವೇ ಡಾಕ್ಟರಾಗ್ಬೇಡಿ. ನನ್ನ ಹತ್ರ ಬನ್ನಿ. ಉಸಿರಾಡೋ ಖಂಡಗಳೂ ಖಂಡಗಳೇ, ನೆನಪಿಟ್ಕೊಳ್ಳಿ."

ಅಂದರೆ ತೂಗುವುದು ಇನ್ನು ನನ್ನ ಕೆಲಸ ಮಾತ್ರವಲ್ಲ, ಅವರ ಕೆಲಸವೂ ಆಯಿತು. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಉಸಿರಿಗೇ ಕುತ್ತು.

ಮಾತ್ರೆ ಶುರುವಾದ ಮೇಲೆ ಮನೆಗೆ ಜೀವ ಬಂತು. ಅತ್ತಿಗೆಯ ರೆಪ್ಪೆ ಅವರ ಮಾತು ಕೇಳುವಂತಾಯಿತು. ಮಂಡಿಗೆ ಮಾತ್ರ ಏನೂ ಗೊತ್ತಾಗಬಾರದು ಎಂದು ನಮ್ಮಿಬ್ಬರಿಂದ ಭಾಷೆ ತೆಗೆದುಕೊಂಡರು. ರೆಪ್ಪೆ ತಾನಾಗಿ ಬೀಳುತ್ತದೆ ಎಂದು ತಿಳಿದರೆ ಅವರ ಸವಾಲನ್ನು ಯಾರು ನಂಬುತ್ತಾರೆ? ಅರೆಗಣ್ಣಕ್ಕನ ಅಂಗಡಿ ಇರುವುದೇ ಆ ಕಣ್ಣಿನಲ್ಲಿ. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೂ ನನಗೆ ಒಳಗೊಳಗೇ ಕಸಿವಿಸಿ.

ತೊಂದರೆ ಹೊಟ್ಟೆಯಿಂದ ಬಂತು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಕರುಳು ಹಿಂಡುತ್ತಿತ್ತು. ಓಡಬೇಕು. ಮಂಡಿಯ ಪಾಯಿಖಾನೆ ಅಂಗಳದ ಆಚೆ ತುದಿಗೆ, ಗೋಣಿಚೀಲದ ಗೋದಾಮು ದಾಟಿ. ಹೋಗಿ ಬರುವುದರೊಳಗೆ ನಗಾರಿ ಒಳ್ಳೆಯ ಮಾಲನ್ನೆಲ್ಲ ಬೇರೆಯವರಿಗೆ ಹಾಕಿಬಿಟ್ಟಿರುತ್ತಿದ್ದ. ಡಾಕ್ಟರಮ್ಮನ ಹತ್ತಿರ ಹೋಗಬೇಕಾದ ಈ ಮಹಾತಾಯಿ ಮಾಡಿದ್ದೇನು? ಮನೆ ಹತ್ತಿರದ ಔಷಧಿ ಅಂಗಡಿಗೆ ಹೋಗಿ ಹೊಟ್ಟೆ ಹಿಂಡುತ್ತದೆ ಎಂದಷ್ಟೇ ಹೇಳಿದರು. ಆಗಲೇ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಲಿಲ್ಲ. ಅಂಗಡಿಯವನು ಕರುಳು ಹಿಂಡುವುದನ್ನು ನಿಲ್ಲಿಸುವ, ಬಾಯಿ ಒಣಗಿಸುವ ಮಾತ್ರೆ ಕೊಟ್ಟ. ಅದೂ ಅಟ್ರೋಪಿನ್‌ನ ಬಳಗದ್ದೇ. ಅತ್ತಿಗೆಗೆ ಅದು ವರ ಸಿಕ್ಕಂತಾಯಿತು. ಹೊಟ್ಟೆ ಸುಮ್ಮನಾಯಿತು, ಜೊಲ್ಲು ನಿಂತಿತು, ಅಂಗಳದಲ್ಲಿ ಕದಲದೆ ನಿಲ್ಲುವಂತಾಯಿತು. ಸೊಂಟದ ಚೀಲದಲ್ಲಿ ಎರಡೂ ಮಾತ್ರೆ ಅಕ್ಕಪಕ್ಕ. ನಮ್ಮಿಬ್ಬರಿಗೂ ಇದರ ಸುಳಿವು ಕೊಡಲಿಲ್ಲ. ಇದನ್ನೆಲ್ಲ ಅವರೇ ಹೇಳಿದ್ದು, ಎಷ್ಟೋ ದಿನಗಳ ಮೇಲೆ. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಹೆಚ್ಚಾಯಿತು ಎಂದು ಕೂಗಿ ಹೇಳುವುದಕ್ಕೆ ಮೈಗೆ ಇದ್ದದ್ದೇ ಹೊಟ್ಟೆ, ಜೊಲ್ಲು, ಬೆವರು. ಆ ಬಾಯಿಯನ್ನೇ ಅವರು ಮುಚ್ಚಿಬಿಟ್ಟಿದ್ದರು.

ಟೊಮೇಟೊ ಸುಗ್ಗಿ ಬಂತು. ವರ್ಷದ ಗಳಿಕೆಯೆಲ್ಲ ಆ ಕೆಲವು ವಾರಗಳಲ್ಲೇ. ಅದೇ ಹೊತ್ತಿಗೆ ಅತ್ತಿಗೆಗೆ ನೆಗಡಿ, ಕೆಮ್ಮು. ಈ ಕಾಯಿಲೆಯವರಿಗೆ ನೆಗಡಿ ಎಂದರೆ ಸಣ್ಣ ಮಾತಲ್ಲ, ಇದ್ದ ಶಕ್ತಿಯನ್ನೂ ಎಳೆದುಹಾಕುತ್ತದೆ. ರೆಪ್ಪೆ ಮತ್ತೆ ಜಾರತೊಡಗಿತು. ಒಂದು ಮಾತ್ರೆ ಹೆಚ್ಚು ನುಂಗಿದರು, ಎದ್ದಿತು. ಮರುದಿನ ಅಷ್ಟಕ್ಕೆ ಏಳಲಿಲ್ಲ, ಇನ್ನೊಂದು ನುಂಗಿದರು. ಹಿಂಡಬೇಕಾದ ಹೊಟ್ಟೆ ಹಿಂಡಲಿಲ್ಲ, ಹಾಗಾಗಿ ಹೆಚ್ಚಾಗಿಲ್ಲ ಎಂದೇ ಅವರ ಲೆಕ್ಕ. ಸೋತಷ್ಟೂ ಮಾತ್ರೆ, ಮಾತ್ರೆ ನುಂಗಿದಷ್ಟೂ ಸೋಲು.

ಆ ದಿನ ಬೆಳಿಗ್ಗೆ ಮನೆಯಲ್ಲಿ ದೊಡ್ಡ ಜಗಳ. ಅತ್ತಿಗೆ ಲೋಟ ಎತ್ತಲು ಎರಡು ಕೈ ಹಾಕಿದ್ದನ್ನು ಅಣ್ಣ ನೋಡಿದ್ದ.

"ಆಸ್ಪತ್ರೆಗೆ ನಡಿ. ಮಂಡಿ ಗಿಂಡಿ ಏನೂ ಬೇಡ."

"ಸುಗ್ಗಿ ಮುಗೀಲಿ. ಆಮೇಲೆ ನೀನು ಕರೆದ ಕಡೆ ಬರ್ತೀನಿ."

"ನೀನು ಸತ್ರೆ ನಾನು ಏನ್ ಮಾಡ್ಲೇ?"

"ಎಲೆಕೋಸು ತಿಂದ್ಕೊಂಡು ಇರು," ಎಂದು ಅತ್ತಿಗೆ ಮೂಗಿನ ದನಿಯಲ್ಲಿ ಹೇಳಿ ಗಾಡಿ ಹತ್ತಿದರು. ಅಣ್ಣ ಹಲ್ಲು ಕಚ್ಚಿಕೊಂಡು ಗಾಡಿ ಶುರು ಮಾಡಿದ. ಅವಸರದಲ್ಲಿ ಅವತ್ತು ಅತ್ತಿಗೆ ಹೊಟ್ಟೆಯ ಮಾತ್ರೆ ನುಂಗಲು ಮರೆತರು. ಇನ್ನೊಂದನ್ನು ಮರೆಯಲಿಲ್ಲ.

ಅಂಗಳ ತುಂಬಿ ತುಳುಕುತ್ತಿತ್ತು. ನಗಾರಿ ಟೊಮೇಟೊ ಶುರು ಮಾಡಿದ. ಅತ್ತಿಗೆಯ ಎದುರಾಳಿ ಕೋಟಿನವನು, ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಒಬ್ಬ ದೊಡ್ಡ ವ್ಯಾಪಾರಿ. ಅವನೂ ಬಂದಿದ್ದ. ನಾನು ಅತ್ತಿಗೆಯನ್ನೇ ನೋಡುತ್ತಿದ್ದೆ. ಮೊದಲು ಕಂಡದ್ದು ಬೆವರು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಅವರ ಹಣೆಯಿಂದ ಮಾತ್ರ ಧಾರೆ. ಆಮೇಲೆ ಕಣ್ಣೀರು. ಆಮೇಲೆ ಬಾಯಿಂದ ಜೊಲ್ಲು ಗಲ್ಲಕ್ಕಿಳಿಯಿತು, ಒರೆಸಿಕೊಳ್ಳಲು ಕೈ ಎದ್ದು ಅರ್ಧಕ್ಕೇ ಬಿತ್ತು. ಕೆನ್ನೆಯ ಮಾಂಸ ಚರ್ಮದ ಕೆಳಗೆ ಹುಳು ಹರಿದಂತೆ ಅದುರುತ್ತಿತ್ತು. ಎರಡೂ ರೆಪ್ಪೆ ಪೂರ್ತಿ ಇಳಿದಿದ್ದವು.

ನಗಾರಿಯ ಕಣ್ಣಿಗೆ ಕಂಡದ್ದು ರೆಪ್ಪೆ ಮಾತ್ರ. ಅವನು ದರ ಏರಿಸಿದ. ಕೋಟಿನವನು ಒಪ್ಪಿದ. ಮತ್ತೆ ಏರಿಸಿ ಅತ್ತಿಗೆಯ ಕಡೆ ನೋಡಿದ. ರೆಪ್ಪೆ ಇಳಿದೇ ಇದೆ. ಮತ್ತೆ ಏರಿತು. ಕೋಟಿನವನಿಗೆ ರೊಚ್ಚು ಬಂದಂತೆ ಕಂಡಿತು. ಯಾರೋ ಬಿಡದೆ ಎದುರು ನಿಂತಿದ್ದಾರೆ ಎಂದಷ್ಟೇ ಅವನಿಗೆ ಗೊತ್ತು. ದರ ಯಾರೂ ಕಂಡರಿಯದ ಎತ್ತರಕ್ಕೆ ಹೋಯಿತು. ಕೊನೆಗೆ ಕೋಟಿನವನು ಮುಖ ತಿರುಗಿಸಿದ. ಅತ್ತಿಗೆಯ ಎದೆ ಮೇಲೇಳುತ್ತಿಲ್ಲ ಎಂಬುದು ನನಗೆ ಆಗ ಕಂಡಿತು. ಹೆಗಲು ಮಾತ್ರ ಎಳೆದೆಳೆದು ಏಳುತ್ತಿತ್ತು.

"ನಿಲ್ಸೋ ನಗಾರಿ!" ಎಂದು ನಾನು ಅರಚಿದೆ. "ಅವರಿಗೆ ಉಸಿರು ಬರ್ತಿಲ್ಲ!"

ತೂಕದವನು ಅಂಗಳದಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟೊಮೇಟೊ ಪೆಟ್ಟಿಗೆಗಳ ಮೇಲೆ ಕಾಲಿಟ್ಟುಕೊಂಡೇ ಓಡಿದೆ. ನಾನು ತಲುಪುವಷ್ಟರಲ್ಲಿ ಅತ್ತಿಗೆ ನಿಂತಲ್ಲೇ ಕುಸಿದರು. ಗೇಟಿನಿಂದ ಓಡಿ ಬಂದ ಅಣ್ಣನೂ ನಾನೂ ಅವರನ್ನು ಎತ್ತಿ ಖಾಲಿ ಗೋಣಿಗಳ ಮೇಲೆ ಮಲಗಿಸಿ ಗಾಡಿ ಓಡಿಸಿದೆವು. ಬಾಯಲ್ಲಿ ತುಂಬುತ್ತಿದ್ದ ಜೊಲ್ಲನ್ನು ನಾನು ಟವಲಿನಿಂದ ತೆಗೆಯುತ್ತಲೇ ಇದ್ದೆ. ಒಂದು ಕಡೆ ತಿರುಗಿಸಿ ಹಿಡಿದಿದ್ದ ಅವರ ತಲೆ ನನ್ನ ಕೈಯಲ್ಲಿ ಕಲ್ಲಿನಷ್ಟು ಭಾರವಾಗಿತ್ತು.

ತುರ್ತು ವಿಭಾಗದ ಡಾಕ್ಟರ್ ಚಿಕ್ಕ ವಯಸ್ಸಿನವರು. ಬೆಳಕು ಬಿಟ್ಟು ಕಣ್ಣು ನೋಡಿದರು. ಪಾಪೆ ಸೂಜಿಮೊನೆಯಷ್ಟು. ಕೂಡಲೇ ನಮ್ಮ ಕಡೆ ತಿರುಗಿದರು. "ಏನು ಕುಡಿದ್ರು?"

"ಏನೂ ಇಲ್ಲ," ಎಂದ ಅಣ್ಣ.

"ಕೀಟನಾಶಕ ಕುಡಿದವರು ಥೇಟ್ ಹೀಗೇ ಬರ್ತಾರೆ. ಮುಚ್ಚಿಡ್ಬೇಡಿ. ಮನೇಲಿ ಜಗಳ ಆಗಿತ್ತಾ?"

ನನ್ನ ಅಣ್ಣ ಎಂಥವನೆಂದರೆ, ಅಂಥ ಹೊತ್ತಿನಲ್ಲೂ ಸುಳ್ಳು ಹೇಳಲು ಬಾರದವನು. "ಆಗಿತ್ತು," ಎಂದುಬಿಟ್ಟ. "ಸತ್ರೆ ಅಂತ ಒಂದು ಮಾತೂ ಬಂತು."

ಸುತ್ತ ಇದ್ದವರೆಲ್ಲ ಅವನನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಡಾಕ್ಟರ್ ಯಾರಿಗೋ, "ಪೊಲೀಸರಿಗೆ ತಿಳಿಸಿ," ಎಂದರು. ಅಣ್ಣ ಗೋಡೆಗೆ ಒರಗಿದ. ಡಾಕ್ಟರ್ ಮಾತ್ರ ನಿಂತಲ್ಲಿ ನಿಲ್ಲದೆ ಅಟ್ರೋಪಿನ್ ಚುಚ್ಚಿದರು, ಮತ್ತೆ ಚುಚ್ಚಿದರು. ನಾನು ಅತ್ತಿಗೆಯ ಸೊಂಟದ ಚೀಲ ಬಿಚ್ಚಿ ಅವರ ಕೈಗೆ ಸುರಿದೆ. "ಇವರಿಗೆ ನರದ ಕಾಯಿಲೆ ಇದೆ ಡಾಕ್ಟ್ರೇ. ಇದೇ ಆಸ್ಪತ್ರೇಲಿ ತೋರಿಸಿದ್ದು. ಇದು ರೆಪ್ಪೆ ಮಾತ್ರೆ. ಇನ್ನೊಂದು ಏನು ಅಂತ ನಂಗೊತ್ತಿಲ್ಲ."

ಅವರು ಎರಡೂ ಮಾತ್ರೆಗಳ ಪಟ್ಟಿಗಳನ್ನು ತಿರುಗಿಸಿ ನೋಡಿ, ಒಂದು ಕ್ಷಣ ಕಣ್ಣು ಮುಚ್ಚಿದರು. "ನರದ ಮೇಡಮ್ಮನ್ನ ಕರೀರಿ, ಬೇಗ," ಎಂದು ಕೂಗಿದರು. ಆಮೇಲೆ ನಮ್ಮ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು. "ವಿಷ ಕುಡಿದಿಲ್ಲ. ಆದ್ರೆ ಆಗಿರೋದು ಅದೇ. ಆ ವಿಷವೂ ಈ ಮಾತ್ರೆಯೂ ಮೈಯಲ್ಲಿ ಮಾಡೋದು ಒಂದೇ ಕೆಲಸ."

ಸೂಜಿ ಬಿದ್ದ ಮೇಲೆ ಜೊಲ್ಲು ಒಣಗಿತು, ಬೆವರು ನಿಂತಿತು, ನಿಧಾನವಾಗಿದ್ದ ನಾಡಿ ಎದ್ದಿತು. ನಾನು ಗೆದ್ದೆವು ಎಂದುಕೊಂಡೆ. ಆದರೆ ಎದೆ ಏಳಲಿಲ್ಲ. ಅಷ್ಟರಲ್ಲಿ ಓಡಿ ಬಂದ ಡಾಕ್ಟರಮ್ಮ ಹೇಳಿದರು, "ಅಟ್ರೋಪಿನ್ ನೀರನ್ನ ನಿಲ್ಲಿಸುತ್ತೆ, ಶಕ್ತಿ ಕೊಡಲ್ಲ. ಉಸಿರು ನಾವೇ ಕೊಡ್ಬೇಕು." ಗಂಟಲಿಗೆ ನಳಿಕೆ ಇಳಿಸಿದರು. ಯಂತ್ರ ಉಸಿರು ಹಾಕತೊಡಗಿತು. ಪೊಲೀಸಿನವನು ಬಂದು ಅಣ್ಣನ ಹೆಸರು ಬರೆದುಕೊಳ್ಳುವ ಮೊದಲೇ ಡಾಕ್ಟರಮ್ಮ ಅವನನ್ನು ಕಳಿಸಿದರು.

ಆಮೇಲಿನ ದಿನಗಳಲ್ಲಿ ನಮ್ಮ ಪ್ರಾಣ ಹೋಗಿ ಬರುತ್ತಿತ್ತು. ಡಾಕ್ಟರಮ್ಮ ರೆಪ್ಪೆ ಮಾತ್ರೆಯನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಮೈಯಲ್ಲಿ ತುಂಬಿರುವುದು ಇಳಿಯಬೇಕು, ಕಿವಿಗಳು ತೆರೆಯಬೇಕು. ಅಲ್ಲಿಯವರೆಗೆ ಯಂತ್ರ. ಜೊತೆಗೆ ರಕ್ತದೊಳಗಿನ ಕೆಟ್ಟ ಅಂಶವನ್ನು ಸೋಸಿ ತೆಗೆಯುವ ಚಿಕಿತ್ಸೆ. ಅತ್ತಿಗೆ ಕದಲದೆ ಮಲಗಿದ್ದರು. ರೆಪ್ಪೆ ಮುಚ್ಚಿಯೇ ಇತ್ತು, ಮುಖದ ಮೇಲೆ ಒಂದು ಗೆರೆಯೂ ಆಡುತ್ತಿರಲಿಲ್ಲ. "ಎಲ್ಲಾ ಕೇಳಿಸುತ್ತೆ ಅವರಿಗೆ, ಮಾತಾಡಿಸಿ," ಎಂದಿದ್ದರು ನರ್ಸಮ್ಮ. ಏನು ಮಾತಾಡುವುದು? ನಾನು ಟೊಮೇಟೊ ದರ ಹೇಳಿ ಬರುತ್ತಿದ್ದೆ. ಅಣ್ಣ ಅವರ ಪಾದ ಹಿಡಿದುಕೊಂಡು ಕೂತಿರುತ್ತಿದ್ದ.

ಒಂದು ಮಧ್ಯಾಹ್ನ ನಮ್ಮನ್ನು ಒಳಗೆ ಬಿಟ್ಟಾಗ ಅಣ್ಣ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಒಳಗೆ ಬಿಳಿ ಪುಡಿ. ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಕುಟ್ಟಿ ತಂದಿದ್ದ. ಗಂಜಿ ಹಾಕಲು ಮೂಗಿಗೆ ಇಳಿಸಿದ್ದ ನಳಿಕೆಯ ಮುಚ್ಚಳಕ್ಕೆ ಅವನ ಕೈ ಹೋಯಿತು. ನಾನು ಮಣಿಕಟ್ಟು ಹಿಡಿದೆ.

"ಬಿಡೋ," ಎಂದ ಪಿಸುದನಿಯಲ್ಲಿ. "ಈ ಮಾತ್ರೆ ಕೊಟ್ಟಾಗ ಎದ್ದು ನಿಂತಿದ್ದಳು. ನನ್ನ ಕಣ್ಣಾರೆ ನೋಡಿದೀನಿ. ಈಗ ಅದನ್ನೇ ನಿಲ್ಸಿ ಮಲಗಿಸಿದಾರೆ. ಎಷ್ಟು ದಿನ ಆಯ್ತು, ಒಂದು ಬೆರಳು ಆಡಿದ್ಯಾ?"

"ಡಾಕ್ಟರಮ್ಮ ಹೇಳಿದ್ದು ಕೇಳಿಲ್ವಾ ನೀನು?"

"ಅವರಿಗೂ ಗೊತ್ತಿಲ್ಲ! ಯಾವಾಗ ಏಳ್ತಾಳೆ ಅಂದ್ರೆ ಗೊತ್ತಿಲ್ಲ ಅಂದ್ರು. ನೀನೇ ಕೇಳ್ದೆ!"

ಅದು ನಿಜ. ಡಾಕ್ಟರಮ್ಮ ಹಾಗೆ ಹೇಳಿದ್ದರು. ಆ ಗಳಿಗೆಯಲ್ಲಿ ನನಗೂ ಅಣ್ಣ ಹೇಳುವುದೇ ಸರಿಯೇನೋ ಅನ್ನಿಸಿತು. ಇದ್ದ ಒಂದು ಹಗ್ಗವನ್ನೂ ಕಿತ್ತುಕೊಂಡಿದ್ದೇವೇನೋ. ಕೈ ಮಾತ್ರ ಬಿಡಲಿಲ್ಲ. ಹುಟ್ಟಿದಾರಭ್ಯ ನಾನು ಅವನ ಮೇಲೆ ಕೈ ಮಾಡಿದವನಲ್ಲ. ಅವತ್ತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಾಗದ ಹರಿದು ಪುಡಿಯೆಲ್ಲ ಅತ್ತಿಗೆಯ ಹೊದಿಕೆಯ ಮೇಲೆ ಚೆಲ್ಲಿತು. ಶಬ್ದ ಕೇಳಿ ನರ್ಸಮ್ಮ ಬಂದರು, ನೋಡಿದರು, ಹೊದಿಕೆಯನ್ನೇ ಸುತ್ತಿಕೊಂಡು ಹೋದರು. ಅಣ್ಣ ಬಾಗಿಲ ಹೊರಗೆ ಕೂತು ಮಗುವಿನ ಹಾಗೆ ಅತ್ತ. ನನ್ನ ಜೊತೆ ಮಾತು ಬಿಟ್ಟ.

ಅತ್ತಿಗೆಯ ಹೆಬ್ಬೆರಳು ಮೊದಲು ಆಡಿತು. ಆಮೇಲೆ ಹುಬ್ಬು. ಒಂದು ದಿನ ಡಾಕ್ಟರಮ್ಮ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದರು. ಎದೆ ತಾನಾಗಿ ಎದ್ದಿತು, ಇಳಿಯಿತು. ನಾವೂ ಅವರ ಜೊತೆಗೇ ಉಸಿರಾಡಿದೆವು. ನಳಿಕೆ ತೆಗೆದ ಮೇಲೆ ರೆಪ್ಪೆ ಮಾತ್ರೆಯನ್ನು ಮತ್ತೆ ಚೂರು ಚೂರಾಗಿ ಶುರು ಮಾಡಿದರು. ಈ ಸಲ ಹೊಟ್ಟೆ ಹಿಂಡಿದರೆ ಎಷ್ಟು, ಯಾವಾಗ ಎಂದು ಕೇಳಿ ಕೇಳಿ ತೂಗಿದರು.

"ನೀವಿಬ್ರು ಬಡಿದಾಡ್ಕೊಂಡಿದ್ದು ನಂಗೆ ಕೇಳಿಸ್ತಿತ್ತು," ಎಂದರು ಅತ್ತಿಗೆ, ದನಿ ಬಂದ ದಿನ. ಗಂಟಲು ಗೀರಿದ ಹಾಗಿತ್ತು. "ಕೊಡಿ ಅಂತ ಕೂಗಬೇಕು ಅನ್ನಿಸ್ತು ಕಣೋ. ಒಳಗೇ ಕೂಗ್ತಿದ್ದೆ. ಕೈಯಲ್ಲಿ ಶಕ್ತಿ ಇದ್ದಿದ್ರೆ ಎಲ್ಲಾನೂ ಒಟ್ಟಿಗೆ ನುಂಗಿಬಿಡ್ತಿದ್ದೆ."

ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಅವನ ಕೈ ಎಳೆದು ನನ್ನ ಕೈ ಮೇಲೆ ಇಟ್ಟು, "ಮೂರು ಕತ್ತೆಗಳು ಒಂದೇ ಮನೇಲಿ," ಎಂದರು.

ಇತ್ತ ಮಂಡಿಯಲ್ಲಿ ಬೇರೆಯೇ ಕುದಿಯುತ್ತಿತ್ತು. ಅವತ್ತಿನ ಟೊಮೇಟೊ ಅತ್ತಿಗೆಯ ಹೆಸರಿಗೆ ಬಿದ್ದು ಯಾರೂ ಎತ್ತದೆ ಕೊಳೆತಿತ್ತು. ಸವಾಲು ಒಪ್ಪಿ ಮಾಲು ಎತ್ತದವರು ಹೊರಗೆ. ಕೋಟಿನವನು ಎಲ್ಲರೆದುರು ಅದನ್ನೇ ಹೇಳಿದ್ದ. "ಕಾಯಿಲೆ ಇದ್ರೆ ಪಾಪ. ಆದ್ರೆ ಆ ಕಣ್ಣನ್ನ ಇನ್ನು ನಂಬೋದು ಹೇಗೆ? ನಂಗೆ ಎಷ್ಟು ಏರಿಸಿದ್ರು ಅವತ್ತು!" ಅವನು ಹೇಳಿದ್ದು ತಪ್ಪು ಎನ್ನಲು ನನಗೂ ಬಾಯಿ ಬರಲಿಲ್ಲ. ಆದರೂ ಅವನ ಕೋಟಿಗೆ ಬೆಂಕಿ ಹಾಕಬೇಕು ಅನ್ನಿಸಿತು. ನಗಾರಿ ಮಾತ್ರ, "ಅವರು ಬಂದು ಹೇಳ್ಲಿ," ಎಂದು ಸುಮ್ಮನಾಗಿದ್ದ.

ಅತ್ತಿಗೆ ಬಂದರು. ಮೈ ಅರ್ಧಕ್ಕಿಳಿದಿತ್ತು, ಎಡ ರೆಪ್ಪೆ ಸ್ವಲ್ಪ ಜಾರಿಯೇ ಇತ್ತು. ಅಣ್ಣ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡು, ಒಳಗೆ ಬರಲು ಧೈರ್ಯವಿಲ್ಲದೆ ಅಲ್ಲೇ ಕೂತ. ಅತ್ತಿಗೆ ನಗಾರಿಯ ಪೆಟ್ಟಿಗೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ನಂಗೆ ನರದ ಕಾಯಿಲೆ. ರೆಪ್ಪೆ ತಾನಾಗೇ ಬೀಳುತ್ತೆ. ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟೆ, ಮುಚ್ಚಿಡೋಕೆ ಹೋಗೇ ಸಾಯ್ತಿದ್ದೆ. ಆ ಟೊಮೇಟೊದ್ದು ನಂದೇ ಹೊರೆ, ತೀರಿಸ್ತೀನಿ. ಇನ್ಮೇಲೆ ನನ್ನ ಕಣ್ಣು ನೋಡ್ಬೇಡಿ. ನಾನು ಕೈ ಎತ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿ, ಹೋಗ್ತೀನಿ."

ನನ್ನ ಕೈ ತಕ್ಕಡಿಯ ಸರಪಳಿ ಹಿಡಿದಿತ್ತು. ಕೈ ಎತ್ತುವುದೆಂದರೆ ಇಡೀ ಅಂಗಳಕ್ಕೆ ಗುಟ್ಟು ಬಿಚ್ಚಿಟ್ಟಂತೆ. ಅವರ ಲೆಕ್ಕಾಚಾರ ಪ್ರತಿಯೊಬ್ಬನಿಗೂ ಕಾಣುತ್ತದೆ, ಉಳಿದವರದ್ದು ಅವರಿಗೆ ಕಾಣುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಗಾರಿ ಕೋಟಿನವನ ಕಡೆ ನೋಡಿದ. ಕೋಟಿನವನು ಗಂಟಲು ಸರಿಮಾಡಿಕೊಂಡು, "ಕೈ ಎತ್ಲಿ. ನಂಗೇನು ನಷ್ಟ?" ಎಂದ.

ಹರಾಜು ಶುರುವಾಯಿತು. ಆಲೂಗಡ್ಡೆಗೆ ಅತ್ತಿಗೆ ಕೈ ಎತ್ತಿದರು. ಕೋಟಿನವನು ಅದನ್ನು ನೋಡಿ ಮೇಲಿನ ದರಕ್ಕೆ ಹೋದ. ಕ್ಯಾರೆಟ್‌ಗೆ ಕೈ ಎತ್ತಿದರು, ಮತ್ಯಾರೋ ಮೇಲೆ ಹೋದರು. ಟೊಮೇಟೊ ಬಂತು, ಅದೂ ಹೋಯಿತು. ಒಬ್ಬನೂ ಕರುಣೆ ತೋರಿಸಲಿಲ್ಲ. ಅಯ್ಯೋ ಪಾಪ ಎಂದು ಒಂದು ಪೆಟ್ಟಿಗೆ ಬಿಟ್ಟುಕೊಡಲಿಲ್ಲ. ಅತ್ತಿಗೆಯ ಮುಖ ಕೆಂಪೇರಿತು. ಡಾಕ್ಟರಮ್ಮ ಹೇಳಿದ ಹೊತ್ತಾದಾಗ ಕಟ್ಟೆಯ ಮೇಲೆ ಕೂತು ಒಂದು ಮಾತ್ರೆ ನುಂಗಿದರು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಎದ್ದು, ಎಲ್ಲರೆದುರೇ ಗೋದಾಮಿನ ಕಡೆ ನಡೆದರು. ಹಿಂದಿರುಗುವಷ್ಟರಲ್ಲಿ ಹರಾಜು ಮುಗಿದಿತ್ತು.

ನಾನು ಅವರ ಜೊತೆ ಗೇಟಿನವರೆಗೆ ಹೋದೆ. ಅಣ್ಣ ಗಾಬರಿಯಿಂದ ಇಳಿದು ಬಂದ. "ಏನಾಯ್ತು? ಬೇಡ ಅಂದ್ರಾ?"

"ಒಂದು ಕಟ್ಟು ಸೊಪ್ಪೂ ಸಿಗ್ಲಿಲ್ಲ," ಎಂದರು ಅತ್ತಿಗೆ, ಏದುಸಿರಿನಲ್ಲಿ. "ನನ್ನ ಕೈ ನೋಡ್ಕೊಂಡು ಎಲ್ಲಾ ಹೊಡೆದ್ಬಿಟ್ರು ಹಲ್ಕಾಗಳು. ಆ ಕೋಟಿನವನ ನಗು ನೋಡ್ಬೇಕಿತ್ತು ನೀನು. ನಾಳೆ ಬೇಡದ ಮಾಲಿಗೆ ಕೈ ಎತ್ತೀನಿ, ಅವನ ತಲೆಗೇ ಕಟ್ಟಿ ನಾನು ಒಳ್ಳೇದನ್ನ ಎತ್ಕೋತೀನಿ. ನೋಡ್ತಿರಿ."

ಖಾಲಿ ಗಾಡಿಯಲ್ಲಿ ಅವರು ಬೈಯುತ್ತಲೇ ಇದ್ದರು. ಅಣ್ಣ ಓಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ. ನನಗೂ ಅಳು ತಡೆಯಲಾಗಲಿಲ್ಲ. ಆಸ್ಪತ್ರೆ ಸೇರಿದಂದಿನಿಂದ ನಮ್ಮಲ್ಲಿ ಒಬ್ಬರೂ ನಾಳೆ ಎಂಬ ಮಾತನ್ನು ಬಾಯಿಗೆ ತಂದಿರಲಿಲ್ಲ.